ಮೈಲುತುತ್ತು ಹೊಟ್ಟೆಗೆ ಹೋದರೆ: ಮಾಡಬೇಕಾದ್ದು, ಮಾಡಬಾರದ್ದು

ಮಳೆ ಹಿಡಿಯುವ ಮೊದಲು ಅಡಿಕೆ ಸೀಮೆಯ ಮನೆಮನೆಗೂ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಚೀಲ ಬರುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬೇಕೇ ಬೇಕು: 1 ಕಿಲೋ ತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಅದೇ ತುತ್ತು ಮನುಷ್ಯನ ಹೊಟ್ಟೆಗೆ ಹೋದಾಗ ಏನು ಮಾಡಬೇಕೆಂಬುದು ಮಾತ್ರ ಗೊತ್ತಿಲ್ಲ.

ಮಾಡಬಾರದ್ದು

ವಾಂತಿ ಮಾಡಿಸಬೇಡಿ. ಉಪ್ಪುನೀರು, ಹುಣಸೆನೀರು, ಸೋಪಿನ ನೀರು, ಗಂಟಲಿಗೆ ಬೆರಳು, ಯಾವುದೂ ಬೇಡ. ತುತ್ತು ತಾನಾಗಿಯೇ ವಾಂತಿ ತರಿಸುತ್ತದೆ. ಒಂದು ಕಾಲದಲ್ಲಿ ವೈದ್ಯರೇ ಇದನ್ನು ವಾಂತಿಗೆಂದು ಕೊಡುತ್ತಿದ್ದರು. ನಾವೂ ವಾಂತಿ ಮಾಡಿಸಿದರೆ ಒಳಗೆ ಸುಟ್ಟ ಗಂಟಲನ್ನು ಇನ್ನೊಮ್ಮೆ ಸುಟ್ಟಂತಾಗುತ್ತದೆ, ಅಷ್ಟೆ. ನಿಂಬೆರಸವನ್ನೂ ಕೊಡಬೇಡಿ. ಮಂಪರಿನಲ್ಲಿರುವವರ ಬಾಯಿಗೆ ಏನನ್ನೂ ಹಾಕಬೇಡಿ.

‘ನೀಲಿಯಾಗಿ ಎಲ್ಲ ಕಕ್ಕಿಬಿಟ್ಟ, ಈಗ ಆರಾಮಿದ್ದಾನೆ’ ಎಂದು ಮನೆಗೆ ಕರೆತರಬೇಡಿ. ಈ ಒಂದು ಮಾತಿನಿಂದಲೇ ಜೀವ ಹೋಗಬಹುದು. ಮೊದಲ ದಿನದ ಹೊಟ್ಟೆಯುರಿ, ವಾಂತಿ, ಭೇದಿ ಬರಿಯ ಪೀಠಿಕೆ. ರಕ್ತಕ್ಕೆ ಸೇರಿದ ತಾಮ್ರ ಕೆಂಪು ಕಣಗಳನ್ನು ಒಡೆಯುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗುತ್ತದೆ, ಎರಡು ಮೂರು ದಿನದಲ್ಲಿ ಕಣ್ಣು ಹಳದಿಯಾಗುತ್ತದೆ. ಆಮೇಲೆ ಮೂತ್ರಪಿಂಡ ಸೋಲಬಹುದು, ಮೂತ್ರವೇ ನಿಲ್ಲಬಹುದು.

ಮಾಡಬೇಕಾದ್ದು

108ಕ್ಕೆ ಫೋನ್ ಮಾಡಿ. ಎಚ್ಚರವಿದ್ದರೆ ಬಾಯಿ ಮುಕ್ಕಳಿಸಲು ಹೇಳಿ. ಪೂರ್ತಿ ಎಚ್ಚರವಿದ್ದು ನುಂಗಲು ಬರುವುದಾದರೆ ಒಂದೆರಡು ಗುಟುಕು ನೀರು ಕೊಡಬಹುದು, ಲೋಟಗಟ್ಟಲೆ ಅಲ್ಲ. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಕಣ್ಣಿಗೆ ಸಿಡಿದಿದ್ದರೆ ಕಾಲು ಗಂಟೆ ನೀರು ಬಿಡಿ.

ಪೊಟ್ಟಣವನ್ನು ಜೊತೆಗೆ ಒಯ್ಯಿರಿ. ಏನು, ಎಷ್ಟು, ಯಾವಾಗ ಎಂಬುದನ್ನು ಮುಚ್ಚಿಡದೆ ಹೇಳಿ. ಪೊಲೀಸ್ ಕೇಸಿಗೆ ಹೆದರಿ ‘ಏನೋ ತಿಂದದ್ದು ಆಗಲಿಲ್ಲ’ ಎನ್ನುವವರಿದ್ದಾರೆ. ಆ ಸುಳ್ಳಿನಲ್ಲಿ ಕಳೆದ ಗಂಟೆಗಳು ಮರಳಿ ಬರುವುದಿಲ್ಲ. ಕೇಸಿಗೆ ಹೆದರಬೇಕಿಲ್ಲ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಜೀವ ಕಳೆದುಕೊಳ್ಳಲು ಹೊರಟವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣುತ್ತದೆ.

ಸಾಧ್ಯವಿದ್ದರೆ ಡಯಾಲಿಸಿಸ್ ಮತ್ತು ರಕ್ತನಿಧಿ ಇರುವ ಆಸ್ಪತ್ರೆಗೇ ಸೇರಿಸಿ. ತುಟಿ, ಉಗುರು ನೀಲಿಗಟ್ಟಿ, ಆಮ್ಲಜನಕ ಕೊಟ್ಟರೂ ಬಣ್ಣ ತಿಳಿಯಾಗದಿದ್ದರೆ ಅದು ಮೆಥಿಮೋಗ್ಲೋಬಿನ್ (ಆಮ್ಲಜನಕ ಹೊರಲಾರದ ಹಿಮೋಗ್ಲೋಬಿನ್) ಇರಬಹುದು. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿರುತ್ತದೆ. ಅದಕ್ಕೆ ರಕ್ತನಾಳದ ಮೂಲಕ ಕೊಡುವ ಮದ್ದು ಮೆಥಿಲೀನ್ ಬ್ಲೂ. ನೀಲಿ ವಿಷಕ್ಕೆ ನೀಲಿ ಮದ್ದು! ಆದರೆ ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಈ ಮದ್ದೇ ರಕ್ತಕಣ ಒಡೆಯಬಲ್ಲದು, ಮನೆತನದಲ್ಲಿ ಆ ತೊಂದರೆಯಿದ್ದರೆ ಮೊದಲೇ ತಿಳಿಸಿ. ತಾಮ್ರವನ್ನು ಹಿಡಿದು ಹೊರಹಾಕಲು ಪೆನಿಸಿಲಮೈನ್‌ನಂಥ ಔಷಧಿಗಳಿವೆ. ಡಯಾಲಿಸಿಸ್ ಸೋತ ಮೂತ್ರಪಿಂಡಕ್ಕೆ ಆಸರೆಯೇ ಹೊರತು ತಾಮ್ರವನ್ನು ತೊಳೆದು ತೆಗೆಯುವ ಉಪಾಯವಲ್ಲ. ಬದುಕಿ ಬಂದವರಿಗೆ ವಾರಗಳ ಮೇಲೆ ನುಂಗಲು ಕಷ್ಟವಾದರೆ ಅನ್ನನಾಳ ಕಿರಿದಾಗಿರಬಹುದು, ಮತ್ತೆ ತೋರಿಸಿ.

ಮನೆಯಲ್ಲಿ

ಕರಗಿಸಿದ ತುತ್ತಿನ ನೀರನ್ನು ಕುಡಿಯುವ ಬಾಟಲಿಗೆ ತುಂಬಬೇಡಿ, ಮಕ್ಕಳ ಕಣ್ಣಿಗೆ ಅದು ಶರಬತ್ತು. ಬೋರ್ಡೋ ಹದ ನೋಡಲು ಅದ್ದಿದ ಕತ್ತಿ ಅಡುಗೆಮನೆಗೆ ವಾಪಸು ಬರಬಾರದು. ಉಳಿದ ತುತ್ತನ್ನು ಬೀಗದೊಳಗಿಡಿ. ಮನೆಯಲ್ಲಿ ಯಾರಾದರೂ ಮಾತು ಬಿಟ್ಟು ಕುಗ್ಗಿ ಕೂತಿದ್ದರೆ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ, ಪಕ್ಕದಲ್ಲಿ ಕೂತು ಕೇಳಿ, 14416ಕ್ಕೆ ಕರೆ ಮಾಡಿಸಿ. ಅದು ಟೆಲಿ-ಮನಸ್ ಸಹಾಯವಾಣಿ, ಅಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.