ದಂಡ ಕಟ್ಟಿದರೆ ಮುಗಿಯಿತೇ?



ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಮಾನ್ವಿ ಕಡೆಯ ಹಿರಿಯರೊಬ್ಬರು ದೇವಾಲಯದ ಅಂಗಳದಲ್ಲಿ ನನಗಾಗಿ ಕಾದಿದ್ದರು. ಅವರ ಮಗ ಪಿಕಪ್ ಗಾಡಿ ಓಡಿಸುತ್ತಾನೆ. ಸುಗ್ಗಿಯಲ್ಲಿ ರಾಯಚೂರಿನ ಮಾರುಕಟ್ಟೆಗೆ ಹತ್ತಿ ಸಾಗಿಸುತ್ತಾನೆ. ಬೇರೆ ಜಿಲ್ಲೆಯ ಹೆದ್ದಾರಿಯೊಂದರಲ್ಲಿ 80ರ ಮಿತಿ ಇದ್ದ ಕಡೆ 97ರಲ್ಲಿ ಹೋದನೆಂದು ಚಲನ್ ಬಂದಿತ್ತು. ಮಗನಿಗೆ ಶಾಲಾ ಬಸ್ಸಿನ ಚಾಲಕನಾಗುವ ಆಸೆ. ಚಲನ್ ಅವನ ಹೆಸರಿಗೆ ಬಿದ್ದರೆ ಆ ಕೆಲಸ ತಪ್ಪೀತೆಂಬ ಭಯ. “ಗಾಡಿ ನನ್ನ ಹೆಸರಿನಾಗೈತ್ರಿ ಫಾದರ್. ನಾನೇ ಓಡಿಸಿದ್ದೆ ಅಂತ ಬರೆದು ಕೊಡ್ತೀನಿ. ಯೇಸುಸ್ವಾಮಿ ನಮ್ಮ ಪಾಪ ಹೊತ್ತಿಲ್ಲೇನ್ರಿ? ಮಗನ ತಪ್ಪು ತಂದಿ ಹೊತ್ತರ ತಪ್ಪಾ?” ಎಂದು ಕೇಳಿದರು.

(ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಹೆಸರಿಲ್ಲದೆ ಬರೆಯಲು ಅವರ ಒಪ್ಪಿಗೆಯನ್ನೂ ಪಡೆದಿದ್ದೇನೆ.)

ಗುರುಮಠದಲ್ಲಿ ಏಳೆಂಟು ವರ್ಷ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದವನಿಗೂ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಮುಂದಿನ ವಾರ ಮಾತಾಡೋಣ ಎಂದು ಕಳುಹಿಸಿದೆ.

ನಮ್ಮಲ್ಲಿ ಹೆಚ್ಚಿನವರು ವೇಗದ ದಂಡವನ್ನು ಒಂದು ಬಗೆಯ ಬೆಲೆ ಎಂದೇ ಭಾವಿಸುತ್ತಾರೆ: ಸಿಕ್ಕಿಬಿದ್ದರೆ ಸಾವಿರ ರೂಪಾಯಿ, ಕಟ್ಟಿದರೆ ಮುಗಿಯಿತು. ಈ ಯೋಚನೆಗೆ ಒಂದು ಕಾಲದಲ್ಲಿ ಪಂಡಿತರ ಬೆಂಬಲವೂ ಇತ್ತು. ಕೆಲವು ಕಾನೂನುಗಳು ಮನಸ್ಸಾಕ್ಷಿಯನ್ನು ಕಟ್ಟಿಹಾಕುವುದಿಲ್ಲ, ಮುರಿದವನು ದಂಡವನ್ನು ಒಪ್ಪಿಕೊಂಡರೆ ಸಾಕು ಎಂಬ ವಾದವನ್ನು 1612ರಲ್ಲಿ ಸ್ಪೇನಿನ ಯೇಸುಸಭೆಯ ಗುರು ಫ್ರಾನ್ಸಿಸ್ಕೊ ಸುವಾರೆಸ್ ಕಾನೂನನ್ನು ಕುರಿತ ತಮ್ಮ ಗ್ರಂಥದಲ್ಲಿ ಸಮರ್ಥಿಸಿದ್ದರು. ಮಾರುಕಟ್ಟೆಯ ಸುಂಕಕ್ಕೆ ಆ ವಾದ ಹೊಂದೀತೋ ಏನೋ. ರಸ್ತೆಗೆ ಹೊಂದುವುದಿಲ್ಲ. ಏಕೆಂದರೆ ವೇಗದ ಮಿತಿ ಕಾಯುವುದು ಸರ್ಕಾರದ ಬೊಕ್ಕಸವನ್ನಲ್ಲ, ಎದುರಿಗೆ ಬರುವವನ ಪ್ರಾಣವನ್ನು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ವಿಷಯವನ್ನು ತೆರಿಗೆಯ ಜೊತೆ ಇಟ್ಟಿಲ್ಲ. ಕೊಲ್ಲಬಾರದೆಂಬ ಐದನೆಯ ಕಟ್ಟಳೆಯ ಕೆಳಗೆ, 2290ನೆಯ ಪರಿಚ್ಛೇದದಲ್ಲಿ ಇಟ್ಟಿದೆ. ಕುಡಿತದಿಂದಾಗಲಿ ವೇಗದ ಮೋಹದಿಂದಾಗಲಿ ತನ್ನ ಮತ್ತು ಪರರ ಪ್ರಾಣವನ್ನು ಅಪಾಯಕ್ಕೆ ಒಡ್ಡುವವನು ಗಂಭೀರ ಅಪರಾಧಿ ಎನ್ನುತ್ತದೆ. ಗಮನಿಸಿ: ಅಪಘಾತ ಆದರೆ ಮಾತ್ರ ಎಂದು ಅಲ್ಲಿ ಇಲ್ಲ.

ರಾಯಚೂರಿನಿಂದ ಮಾನ್ವಿಗೆ ಸುಮಾರು 45 ಕಿ.ಮೀ. ಎಂದುಕೊಳ್ಳಿ. 60ರ ವೇಗದಲ್ಲಿ ಹೋದರೆ 45 ನಿಮಿಷ. 80ರಲ್ಲಿ ಹೋದರೆ 34. ಉಳಿಯುವುದು ಹನ್ನೊಂದು ನಿಮಿಷ, ಅದೂ ದಾರಿಯಲ್ಲಿ ಎತ್ತಿನ ಗಾಡಿ, ಭತ್ತದ ಟ್ರ್ಯಾಕ್ಟರ್, ಕುರಿ ಹಿಂಡು ಏನೂ ಅಡ್ಡ ಬರದಿದ್ದರೆ. 80ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕ ಕಂಡು, ಕಾಲನ್ನು ಬ್ರೇಕಿಗೆ ತರುವಷ್ಟರಲ್ಲಿಯೇ ಅಷ್ಟು ದೂರ ಹೋಗಿರುತ್ತದೆ. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು. ದೇವದುರ್ಗದ ಕಡೆ ಹತ್ತಿ ಬಿಡಿಸಲು ಟಂಟಂ ತುಂಬ ಹೋಗುವ ಹೆಣ್ಣುಮಕ್ಕಳನ್ನು ನೆನೆದುಕೊಂಡು ಈ ಲೆಕ್ಕವನ್ನು ಇನ್ನೊಮ್ಮೆ ಓದಿ.

2024ರ ಸೆಪ್ಟೆಂಬರ್ 5ನ್ನು ನಮ್ಮ ಜನ ಮರೆತಿಲ್ಲ. ಶಿಕ್ಷಕರ ದಿನದ ಬೆಳಿಗ್ಗೆ ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಸಾರಿಗೆ ಬಸ್ಸಿಗೂ ಲೊಯೋಲಾ ಶಾಲೆಯ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ತೀರಿಕೊಂಡರು, ಹಲವರು ಗಾಯಗೊಂಡರು. ತಪ್ಪು ಯಾರದೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಶಾಲಾ ಬಸ್ಸಿನ ಚಾಲಕನ ದಾಖಲೆಯನ್ನು ಅಷ್ಟು ಕಟ್ಟುನಿಟ್ಟಾಗಿ ನೋಡುವುದು ಏಕೆಂದು ಆ ಬೆಳಿಗ್ಗೆಯನ್ನು ನೆನೆದರೆ ತಿಳಿಯುತ್ತದೆ. 1997ರಲ್ಲಿ ದೆಹಲಿಯ ಶಾಲಾ ಬಸ್ಸುಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯ ಆದೇಶ ನೀಡಿದಾಗ, ಅತಿವೇಗಕ್ಕೆ ಒಮ್ಮೆ ಚಲನ್ ಆದವನನ್ನೂ ನೇಮಿಸಬಾರದೆಂದು ಹೇಳಿತು.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ ದಂಡಗಳು ಏರಿದವು. ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಕೆಲವನ್ನು ಇಳಿಸಿ, ಅತಿವೇಗಕ್ಕೆ ಬೈಕು ಮತ್ತು ಲಘು ವಾಹನಗಳಿಗೆ 1000, ಭಾರೀ ವಾಹನಗಳಿಗೆ 2000 ರೂಪಾಯಿ ಎಂದು ಗೊತ್ತುಮಾಡಿತು. ಹಣಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಎರಡನೆಯ ಸಲ ಅತಿವೇಗಕ್ಕೆ ಸಿಕ್ಕವನ ಲೈಸೆನ್ಸನ್ನೇ ವಶಪಡಿಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಗಾಡಿ ಓಡಿಸಿಯೇ ಹೊಟ್ಟೆ ಹೊರೆಯುವವನಿಗೆ ಅದು ಸಾವಿರ ರೂಪಾಯಿಯ ಮಾತಲ್ಲ.

ಚಲನ್ ಬಂದರೆ ಮೊದಲು ಫೋಟೋ, ಗಾಡಿ ನಂಬರು, ಸ್ಥಳ, ದಿನ ಸರಿಯಿದೆಯೇ ನೋಡಿ. ನಂಬರು ತಪ್ಪಾಗಿ ಓದಿ ಬಂದ ಚಲನ್‌ಗಳೂ ಇರುತ್ತವೆ. ತಪ್ಪಿದ್ದರೆ ದಂಡ ಕಟ್ಟುವ ಮೊದಲೇ ತಕರಾರು ಸಲ್ಲಿಸಿ; ಕಟ್ಟಿದರೆ ತಪ್ಪನ್ನು ಒಪ್ಪಿಕೊಂಡಂತೆ. ಸರಿಯಿದ್ದರೆ ಕಟ್ಟಿ ರಶೀದಿ ಇಟ್ಟುಕೊಳ್ಳಿ. ರಶೀದಿ ಇಲ್ಲದೆ ಅರ್ಧ ಹಣಕ್ಕೆ ರಸ್ತೆಯಲ್ಲೇ ಮುಗಿಸುವುದು ದಂಡವಲ್ಲ, ಲಂಚ. ಕೊಟ್ಟವನಿಗೂ ಅದರಲ್ಲಿ ಪಾಲಿದೆ. ಸರ್ಕಾರವೇ ಅರ್ಧ ಬಿಟ್ಟರೆ ಅದು ಬೇರೆ. 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ದಂಡಕ್ಕೆ ಶೇಕಡಾ 50 ರಿಯಾಯಿತಿ ಇತ್ತು. ಅದನ್ನು ಪಡೆದವರು ಸಂಕೋಚಪಡಬೇಕಿಲ್ಲ. ಮುಂದಿನ ರಿಯಾಯಿತಿ ಬರಲೆಂದು ಚಲನ್ ಕೂಡಿಹಾಕುವವರ ಬಗ್ಗೆ ಮಾತ್ರ ನನಗೆ ಒಳ್ಳೆಯ ಮಾತು ತೋಚದು.

ಗಾಡಿ ಮಾರಿದವರು ಆರ್.ಟಿ.ಓ. ಕಚೇರಿಯಲ್ಲಿ ಹೆಸರು ಬದಲಾಗಿದೆಯೇ ನೋಡಿಕೊಳ್ಳಿ. ಕೆ.ಎ. 36ರ ಎಷ್ಟೋ ಹಳೆಯ ಬೈಕುಗಳು ಮೂರು ಕೈ ದಾಟಿದರೂ ಮೊದಲ ಮಾಲೀಕನ ಹೆಸರಿನಲ್ಲೇ ಓಡುತ್ತಿವೆ. ನೋಟಿಸು ಬರುವುದು ಅವನಿಗೇ.

ಹದಿನೈದು ವರ್ಷದ ಮಗನ ಕೈಗೆ ಬೈಕು ಕೊಡುವ ತಂದೆ ತಾಯಿಯರೇ, 2019ರ ತಿದ್ದುಪಡಿಯಂತೆ ಅಪ್ರಾಪ್ತನ ಅಪರಾಧಕ್ಕೆ ಪೋಷಕ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸು ಇಲ್ಲ.

ಮುಂದಿನ ಭಾನುವಾರ ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟು. ಪ್ರಭು ಯೇಸು ನಮ್ಮ ಪಾಪದ ಭಾರವನ್ನು ಹೊತ್ತರು, ನಿಜ. ಆದರೆ ಪಾಪ ಮಾಡಿದವನು ನಾನೇ ಎಂದು ಪಿಲಾತನ ಮುಂದೆ ಸುಳ್ಳು ಹೇಳಲಿಲ್ಲ. ಗಾಡಿ ಯಾರು ಓಡಿಸಿದರೆಂದು ಪೊಲೀಸರು ಕೇಳಿದರೆ ತಿಳಿಸುವುದು ಮಾಲೀಕನ ಕರ್ತವ್ಯವೆಂದು ಕಾಯ್ದೆಯ 133ನೆಯ ಕಲಮು ಹೇಳುತ್ತದೆ. “ನೀವು ಮಗನ ದಂಡದ ಹಣ ಕೊಡಬಹುದು, ಅದು ತಂದೆಯ ಪ್ರೀತಿ. ಹೆಸರು ಬದಲಿಸಿದರೆ ನಾಳೆ ಆ ಬಸ್ಸಿನಲ್ಲಿ ಕೂರುವ ಮಕ್ಕಳ ತಾಯಂದಿರಿಗೆ ಸುಳ್ಳು ಹೇಳಿದ ಹಾಗೆ” ಎಂದೆ. ಅವರು ತಲೆ ತಗ್ಗಿಸಿ, “ನಿಮಗೂ ಚಲನ್ ಬಂದೈತಿ ಅಂತಾರಲ್ರೀ ಫಾದರ್?” ಎಂದರು.

ಬಂದಿತ್ತು. ಒಂದೇ ಭಾನುವಾರ ಮೂರು ಊರಿನ ಪೂಜೆ, ಎರಡನೆಯದಕ್ಕೆ ತಡವಾಗಿತ್ತು. ದೇವರ ಕೆಲಸಕ್ಕೆ ಹೋಗುವವನಿಗೆ ವೇಗದ ಮಿತಿ ಸಡಿಲವೆಂದು ಒಳಗೊಳಗೆ ನಂಬಿದ್ದೆನೇನೋ. ದಂಡ ಕಟ್ಟಿದೆ. ಈಗ ಎರಡನೆಯ ಪೂಜೆಯನ್ನು ಅರ್ಧ ಗಂಟೆ ಮುಂದೆ ಹಾಕಿದ್ದೇನೆ. ಜನ ಸ್ವಲ್ಪ ಗೊಣಗಿದರು.

ಹಿರಿಯರು ಮಗನ ಹೆಸರನ್ನೇ ಕೊಟ್ಟರು. ಆಮೇಲೆ ಎರಡು ಮೂರು ವಾರ ಪೂಜೆ ಮುಗಿದ ಕೂಡಲೇ ನನ್ನೊಡನೆ ಮಾತಾಡದೆ ಹೊರಟುಹೋಗುತ್ತಿದ್ದರು. ಹುಡುಗ ಶಾಲಾ ಬಸ್ಸಿಗೆ ಅರ್ಜಿ ಹಾಕಲಿಲ್ಲ. ಈಗಲೂ ಪಿಕಪ್ ಓಡಿಸುತ್ತಾನೆ. ಮೊನ್ನೆ ರಾಯಚೂರಿನಿಂದ ಬರುವಾಗ ನನ್ನನ್ನು ಹತ್ತಿಸಿಕೊಂಡ. ಹಿಂದಿನಿಂದ ಎರಡು ಲಾರಿಗಳು ಹಾರ್ನ್ ಹೊಡೆಯುತ್ತ ಮುಂದೆ ಹೋದವು, ಅವನು 60 ದಾಟಿಸಲಿಲ್ಲ.