ಸಾಲು ಅದಲುಬದಲಾದಾಗ: ಕಂಟೈನರ್ ಇಮೇಜಿನಲ್ಲಿ ಪ್ಯಾಕೇಜು ಅಳವಡಿಸುವ ಪಾಠ

ತರಗತಿ: ದ್ವಿತೀಯ ಪಿಯುಸಿ, ಗಣಕ ವಿಜ್ಞಾನ (ಪಠ್ಯಪೂರಕ ಚಟುವಟಿಕೆ)
ಅವಧಿ: 45 ನಿಮಿಷಗಳ ಎರಡು ತರಗತಿ
ಪೂರ್ವಜ್ಞಾನ: ಸಣ್ಣ ಪೈಥಾನ್ ಪ್ರೋಗ್ರಾಂ ಬರೆಯಬಲ್ಲರು, ಪಿಪ್ ಮೂಲಕ ಪ್ಯಾಕೇಜು ಅಳವಡಿಸಬಲ್ಲರು.
ಉದ್ದೇಶ: ಡಾಕರ್‌ಫೈಲಿನಲ್ಲಿ ಸಾಲುಗಳ ಕ್ರಮ ಏಕೆ ಮುಖ್ಯವೆಂದು ಕಾರಣಸಹಿತ ವಿವರಿಸುವರು.

ಮೊದಲ ತರಗತಿ

ಪ್ರಯೋಗಾಲಯದ ಒಂದು ಗಣಕದಲ್ಲಿ ಓಡುವ ಪ್ರೋಗ್ರಾಂ ಪಕ್ಕದ ಗಣಕದಲ್ಲಿ ಓಡುವುದಿಲ್ಲ. ಒಂದರಲ್ಲಿ ನಂಪೈ ಇದೆ, ಇನ್ನೊಂದರಲ್ಲಿ ಇಲ್ಲ. ವಿದ್ಯಾರ್ಥಿಗಳ ಈ ಅನುಭವದಿಂದಲೇ ಪೀಠಿಕೆ ಹಾಕಿದೆ. ಪ್ರೋಗ್ರಾಂ, ಅದಕ್ಕೆ ಬೇಕಾದ ಪೈಥಾನ್ ಮತ್ತು ಪ್ಯಾಕೇಜುಗಳನ್ನು ಒಟ್ಟಿಗೆ ಕಟ್ಟಿದ ಗಂಟೇ ಕಂಟೈನರ್ ಇಮೇಜು. ಗಂಟು ಕಟ್ಟುವ ಕ್ರಮವನ್ನು ಬರೆದಿಡುವ ಕಡತ ಡಾಕರ್‌ಫೈಲು. ಕಪ್ಪುಹಲಗೆಯ ಮೇಲೆ ಕ್ರಮವನ್ನು ಹೀಗೆ ಬರೆದೆ:

1. ಪೈಥಾನ್ ಇರುವ ಮೂಲ ಇಮೇಜು
2. ಇಡೀ ಫೋಲ್ಡರಿನ ನಕಲು
3. ಪಿಪ್ ಮೂಲಕ ಪ್ಯಾಕೇಜುಗಳ ಅಳವಡಿಕೆ
4. ಪ್ರೋಗ್ರಾಂ ಓಡಿಸುವ ಆಜ್ಞೆ

ಇಮೇಜು ಸಿದ್ಧವಾಯಿತು. ಪ್ರೋಗ್ರಾಂನಲ್ಲಿ ಒಂದು ಅಕ್ಷರ ತಪ್ಪಿತ್ತು. ತಿದ್ದಿ ಮತ್ತೆ ಕಟ್ಟಿದಾಗ ಎಲ್ಲ ಪ್ಯಾಕೇಜುಗಳೂ ಮೊದಲಿನಿಂದ ಇಳಿಯತೊಡಗಿದವು. ಇಂಟರ್ನೆಟ್ ನಿಧಾನವಾಗಿತ್ತು. ಹಿಂದಿನ ಬೆಂಚಿನ ಹುಡುಗ ಕೇಳಿದ: "ಮೇಡಂ, ನಾವು ಪ್ಯಾಕೇಜು ಮುಟ್ಟೇ ಇಲ್ಲವಲ್ಲ, ಮತ್ತೆ ಯಾಕೆ ಇಳೀತಿದೆ?" "ಅದು ಹಾಗೇ, ಸ್ವಲ್ಪ ಕಾಯಿರಿ" ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮಾರ್ಗದರ್ಶಕ ಅಧ್ಯಾಪಕಿ ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "ಆ ಹುಡುಗನ ಪ್ರಶ್ನೆಗೆ ಉತ್ತರ ನಿಮಗೆ ಗೊತ್ತಿತ್ತೆ?" ಗೊತ್ತಿರಲಿಲ್ಲ. ಯಾವುದೋ ಮಾದರಿಯನ್ನು ನೋಡಿ ಬರೆದುಕೊಂಡು ಬಂದಿದ್ದೆ.

ಕಾರಣ

ಕಡತ ಸೇರಿಸುವ, ಆಜ್ಞೆ ನಡೆಸುವ ಪ್ರತಿ ಸಾಲಿಗೂ ಡಾಕರ್ ಒಂದೊಂದು ಪದರ ಕಟ್ಟಿ ಉಳಿಸಿಕೊಳ್ಳುತ್ತದೆ. ಮರಳಿ ಕಟ್ಟುವಾಗ ಬದಲಾಗದ ಪದರವನ್ನು ಹಾಗೆಯೇ ಬಳಸುತ್ತದೆ. ಆದರೆ ಒಂದು ಪದರ ಬದಲಾದರೆ ಅದರ ನಂತರದ ಎಲ್ಲವನ್ನೂ ಹೊಸದಾಗಿ ಕಟ್ಟುತ್ತದೆ. ತಿದ್ದಿದ ಪ್ರೋಗ್ರಾಂ ಎರಡನೇ ಸಾಲಿನಲ್ಲಿತ್ತು. ಹಾಗಾಗಿ ಮೂರನೇ ಸಾಲಿನ ಪ್ಯಾಕೇಜುಗಳೂ ಮತ್ತೆ ಇಳಿದವು.

ಎರಡನೇ ತರಗತಿ

ಅದೇ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಆರಂಭಿಸಿದೆ. ಊಟದ ಕ್ಯಾರಿಯರ್ ಒಂದನ್ನು ಮೇಜಿನ ಮೇಲಿಟ್ಟೆ. ತಳದ ಡಬ್ಬಿ ಬದಲಿಸಲು ಮೇಲಿನ ಎಲ್ಲವನ್ನೂ ತೆಗೆಯಬೇಕು. ಮೇಲಿನದಾದರೆ ಅದೊಂದೇ ಸಾಕು. "ಆದರೆ ಮೇಡಂ, ಮೇಲಿನ ಡಬ್ಬಿಗಳನ್ನು ಹಾಗೇ ವಾಪಸ್ ಇಡಬಹುದಲ್ಲ?" ಎಂದಳು ಒಬ್ಬ ವಿದ್ಯಾರ್ಥಿನಿ. ಸರಿಯಾದ ಮಾತು. ಡಾಕರ್ ಹಳೆಯದನ್ನು ವಾಪಸ್ ಇಡುವುದಿಲ್ಲ, ಅಡುಗೆಯನ್ನೇ ಮತ್ತೆ ಮಾಡುತ್ತದೆ ಎಂದು ಉಪಮೆಯ ಮಿತಿಯನ್ನೂ ಹಲಗೆಯ ಮೇಲೆ ಬರೆದೆವು.

ಹೊಸ ಕ್ರಮವನ್ನು ವಿದ್ಯಾರ್ಥಿಗಳೇ ಹೇಳಿದರು: ಮೂಲ ಇಮೇಜಿನ ನಂತರ ಪ್ಯಾಕೇಜುಗಳ ಪಟ್ಟಿಯ ಕಡತವನ್ನಷ್ಟೇ ನಕಲಿಸುವುದು, ಪಿಪ್ ನಡೆಸುವುದು, ಆಮೇಲೆ ಉಳಿದ ಫೋಲ್ಡರು. ಪ್ರೋಗ್ರಾಂನಲ್ಲಿ ಒಂದು ಅಕ್ಷರ ಬದಲಿಸಿ ಮತ್ತೆ ಕಟ್ಟಿದೆವು. ಪಿಪ್ ಸಾಲಿನ ಎದುರು 'ಕ್ಯಾಶ್ಡ್' ಎಂದು ಮೂಡಿತು; ಏನೂ ಇಳಿಯಲಿಲ್ಲ.

ಪಟ್ಟಿಯಲ್ಲಿ ನಂಪೈ==1.26.4 ಎಂಬಂತೆ ಆವೃತ್ತಿಯನ್ನೂ ಬರೆಸಿದೆ. ಹೆಸರು ಮಾತ್ರ ಇದ್ದರೆ ಇಂದು ಕಟ್ಟಿದ ಇಮೇಜಿಗೂ ಮುಂದಿನ ವರ್ಷ ಬೇರೆ ಗಣಕದಲ್ಲಿ ಕಟ್ಟಿದ್ದಕ್ಕೂ ಬೇರೆ ಬೇರೆ ಆವೃತ್ತಿ ಬರಬಹುದು; ನಾವು ಹೊರಟ ಸಮಸ್ಯೆಗೇ ಮರಳಿದಂತಾಗುತ್ತದೆ.

ಮೌಲ್ಯಮಾಪನ

1. ಪಟ್ಟಿಗೆ ಮ್ಯಾಟ್‌ಪ್ಲಾಟ್‌ಲಿಬ್ ಸೇರಿಸಿದರೆ ಯಾವ ಸಾಲುಗಳು ಮತ್ತೆ ನಡೆಯುತ್ತವೆ?
2. ಓಡುತ್ತಿರುವ ಕಂಟೈನರಿನೊಳಗೆ ಹಾಕಿದ ಪ್ಯಾಕೇಜು, ಅದೇ ಇಮೇಜಿನಿಂದ ತೆರೆದ ಹೊಸ ಕಂಟೈನರಿನಲ್ಲಿ ಇರುತ್ತದೆಯೆ?

ಎರಡನೆಯದಕ್ಕೆ ಹಲವರು 'ಇರುತ್ತದೆ' ಎಂದು ಬರೆದರು. ಕಂಟೈನರಿನಲ್ಲಿ ಮಾಡಿದ ಬದಲಾವಣೆ ಇಮೇಜಿಗೆ ತಲುಪುವುದಿಲ್ಲ ಎಂಬುದನ್ನು ಇನ್ನೊಮ್ಮೆ ಮಾಡಿ ತೋರಿಸಬೇಕಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಮೂಲ ಇಮೇಜನ್ನು ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಿ. ತಪ್ಪು ಕ್ರಮವನ್ನು ಬಿಡಬೇಡಿ, ಅದನ್ನೇ ಮೊದಲು ಮಾಡಿಸಿ. ಪ್ರಶ್ನೆ ಹುಟ್ಟುವುದು ಅಲ್ಲಿ. ಉತ್ತರ ಗೊತ್ತಿಲ್ಲದಿದ್ದರೆ "ನಾಳೆ ನೋಡಿಕೊಂಡು ಬರುತ್ತೇನೆ" ಎನ್ನಿ. ನಾನು ಹಾಗೆ ಹೇಳಿದ್ದರೆ ಆ ಹುಡುಗ ಒಂದು ವಾರ ಕಾಯಬೇಕಾಗಿರಲಿಲ್ಲ.