ಸೂರ್ಯಚಂದ್ರರ ವೇಳೆ

ಮಾನವನು ಕಾಲವನ್ನು ಅಳೆಯಲು ಕಲಿತದ್ದು ಸೂರ್ಯಚಂದ್ರರಿಂದ. ರೈತನ ಬಿತ್ತನೆ, ಊರಿನ ಜಾತ್ರೆ, ಸಂಕಷ್ಟಿಯ ವ್ರತ, ರಂಜಾನಿನ ಉಪವಾಸ ಇವೆಲ್ಲಕ್ಕೂ ಅವರ ಗತಿಯೇ ಆಧಾರ. ಈ ಲೆಕ್ಕವನ್ನು ಬಹುಕಾಲದಿಂದ ಪಂಚಾಂಗವು ಹೇಳುತ್ತ ಬಂದಿದೆ. ಈಗ ಅದರ ಜೊತೆಗೆ ಗಣಕಯಂತ್ರವೂ ಹೇಳತೊಡಗಿದೆ. ಆದರೆ ಅಂಕಿ ಸರಿಯಾಗಿದ್ದರೂ ಅದನ್ನು ಓದುವ ಬಗೆ ತಿಳಿಯದಿದ್ದರೆ ಪ್ರಮಾದವಾಗುವುದುಂಟು. ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಮಾತು ಸ್ಪಷ್ಟವಾದೀತು.

ದೊಡ್ಡಬಳ್ಳಾಪುರದಲ್ಲಿ ನಮ್ಮ ವಾಸ. ನನ್ನ ಪತ್ನಿ ಪ್ರತಿ ತಿಂಗಳೂ ಸಂಕಷ್ಟಿಯ ದಿನ ಉಪವಾಸವಿದ್ದು, ಚಂದ್ರದರ್ಶನವಾದ ಮೇಲೆ ಊಟ ಮಾಡುವ ರೂಢಿಯವಳು. ಒಮ್ಮೆ ಆ ದಿನ ಬೆಳಗ್ಗೆ ಮೊಮ್ಮಗಳು ಕೈಫೋನಿನಲ್ಲಿದ್ದ ಕೃತಕ ಬುದ್ಧಿಮತ್ತೆಯ ಸಹಾಯಕನನ್ನು ಚಂದ್ರೋದಯದ ವೇಳೆಯನ್ನು ಕೇಳಿ, ಓಡಿಬಂದು ಹೇಳಿದಳು:

"ಅಜ್ಜಿ, ಇವತ್ತು ನೀವು ಬೇಗನೆ ಊಟ ಮಾಡಬಹುದು. ಚಂದ್ರ ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೇ ಹುಟ್ಟುತ್ತಾನಂತೆ!"

ಅಜ್ಜಿ ನಕ್ಕಳು. "ಹುಣ್ಣಿಮೆ ಕಳೆದು ನಾಲ್ಕು ದಿನವಾಯಿತಲ್ಲೇ ಮಗು. ಚೌತಿಯ ಚಂದ್ರ ಹಗಲಿನಲ್ಲಿ ಎಲ್ಲಿಯಾದರೂ ಹುಟ್ಟುತ್ತಾನೆಯೇ? ರಾತ್ರಿ ಒಂಬತ್ತಾದರೂ ಆಗಬೇಕು" ಎಂದಳು.

ಯಂತ್ರವು ಸುಳ್ಳು ಹೇಳಿತೇ ಎಂದು ಮೊಮ್ಮಗಳಿಗೆ ಸೋಜಿಗವಾಯಿತು. ನಾನು ಪಂಚಾಂಗವನ್ನು ತೆರೆದು ನೋಡಿದೆ. ಅಲ್ಲಿ ಚಂದ್ರೋದಯ ರಾತ್ರಿ 9 ಗಂಟೆ 10 ನಿಮಿಷಕ್ಕೆಂದು ಇತ್ತು. ಎರಡಕ್ಕೂ ಸರಿಯಾಗಿ ಐದೂವರೆ ಗಂಟೆಯ ಅಂತರ! ಆಗ ವಿಷಯ ತಿಳಿಯಿತು. ಆ ಅಂಕಿ ಗ್ರೀನಿಚ್ ರೇಖೆಯನ್ನು ಆಧರಿಸಿದ ಜಾಗತಿಕ ಕಾಲದ್ದು. ನಮ್ಮ ಭಾರತೀಯ ಕಾಲಮಾನವು ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಲೆಕ್ಕ ತಪ್ಪಿರಲಿಲ್ಲ, ಅದು ಯಾವ ಗಡಿಯಾರದ ಲೆಕ್ಕವೆಂಬುದು ಮಾತ್ರ ತಿಳಿದಿರಲಿಲ್ಲ.

ಹೀಗಾಗಲು ಕಾರಣವೇನು? ನಮ್ಮ ಪರವಾಗಿ ಕೆಲಸಗಳನ್ನು ಮಾಡಿಕೊಡುವ ಇಂತಹ ತಂತ್ರಾಂಶವನ್ನು 'ಏಜೆಂಟ್' ಎಂದು ಕರೆಯುತ್ತಾರೆ. ಅದು ಆಕಾಶವನ್ನು ನೋಡುವುದಿಲ್ಲ. ಸೂರ್ಯಚಂದ್ರರ ಗಣಿತವನ್ನು ಮಾಡುವ ಇನ್ನೊಂದು ಸಾಧನಕ್ಕೆ ಸ್ಥಳವನ್ನೂ ದಿನಾಂಕವನ್ನೂ ಕೊಟ್ಟು, ಬಂದ ಉತ್ತರವನ್ನು ನಮಗೆ ತಲುಪಿಸುತ್ತದೆ. ಆ ಸಾಧನವನ್ನು ಹೇಗೆ ಕೇಳಬೇಕು, ಅದರ ಉತ್ತರವನ್ನು ಹೇಗೆ ತಿಳಿಯಬೇಕು ಎಂಬುದನ್ನು ಹೇಳುವ ವಿವರಣೆಯನ್ನು ಯಾರಾದರೂ ಬರೆದಿಡಬೇಕು. ಹಳೆಯ ಪಂಚಾಂಗಕ್ಕೂ ಈ ತಿಳಿವಳಿಕೆ ಬೇಕಾಗಿತ್ತು. ಅದರಲ್ಲಿ ದಿನಕ್ಕೆ 60 ಘಳಿಗೆ. ಒಂದು ಘಳಿಗೆಗೆ 24 ನಿಮಿಷ. ಎಣಿಕೆ ಸೂರ್ಯೋದಯದಿಂದ ಆರಂಭ. ಇದನ್ನರಿಯದವನು ತಿಥಿಯು 12 ಘಳಿಗೆಯವರೆಗೆ ಇದೆ ಎಂಬುದನ್ನು 12 ಗಂಟೆಯವರೆಗೆ ಎಂದು ತಿಳಿದಾನು.

ಅಂತಹ ವಿವರಣೆಯಲ್ಲಿ ಮೊದಲು ಇರಬೇಕಾದುದು ಸ್ಥಳದ ಮಾತು. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಹಿಡಿಯುತ್ತದೆ. ಆದುದರಿಂದ ಪೂರ್ವಕ್ಕಿರುವ ಹೊಸಕೋಟೆಯಲ್ಲಿ ಸೂರ್ಯನು ಪಶ್ಚಿಮದ ನೆಲಮಂಗಲಕ್ಕಿಂತ ಸುಮಾರು ಒಂದೂವರೆ ನಿಮಿಷ ಮೊದಲು ಮೂಡುತ್ತಾನೆ. ದೊಡ್ಡಬಳ್ಳಾಪುರವು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶ, 77.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಇವೆರಡರಲ್ಲಿ ಯಾವುದನ್ನು ಮೊದಲು ಕೊಡಬೇಕೆಂದು ವಿವರಣೆಯು ಹೇಳದೆ, ಯಂತ್ರವು ಅದಲುಬದಲು ಮಾಡಿತೆನ್ನಿ. ಆಗ ನಮ್ಮ ಊರು ಉತ್ತರಧ್ರುವದ ಕಡೆಗೆ, ಸ್ವಾಲ್ಬಾರ್ಡ್ ದ್ವೀಪಗಳ ಸಮೀಪದ ಹಿಮಸಾಗರಕ್ಕೆ ಹೋಗಿಬಿಡುತ್ತದೆ! ಜೂನ್ ತಿಂಗಳಿನಲ್ಲಿ ಅಲ್ಲಿ ಸೂರ್ಯನು ಮುಳುಗುವುದೇ ಇಲ್ಲ.

ಎರಡನೆಯದು ಗಡಿಯಾರ. ಭಾರತೀಯ ಕಾಲಮಾನವು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿದ್ದು. ನಾವು ಅದಕ್ಕಿಂತ 5 ಡಿಗ್ರಿ ಪಶ್ಚಿಮಕ್ಕಿದ್ದೇವೆ. ಆದಕಾರಣ ನಮ್ಮಲ್ಲಿ ಸೂರ್ಯನು ಅತಿ ಎತ್ತರಕ್ಕೆ ಏರುವುದು ಸರಾಸರಿ 12 ಗಂಟೆ 20 ನಿಮಿಷಕ್ಕೆ.

ಮೂರನೆಯದು ಪದದ ಅರ್ಥ. ಸೂರ್ಯೋದಯವೆಂದರೆ ಬಿಂಬದ ಮೇಲಂಚು ದಿಗಂತದಲ್ಲಿ ಕಂಡ ಕ್ಷಣವೇ, ಅಥವಾ ಬಿಂಬದ ನಡುಭಾಗವು ಗಣಿತದಂತೆ ದಿಗಂತವನ್ನು ಮುಟ್ಟಿದ ಕ್ಷಣವೇ? ವಾತಾವರಣವು ಬೆಳಕನ್ನು ಬಾಗಿಸುವುದರಿಂದ ಇವೆರಡಕ್ಕೂ ನಮ್ಮಲ್ಲಿ ಮೂರು ನಿಮಿಷಕ್ಕೂ ಮಿಕ್ಕಿ ವ್ಯತ್ಯಾಸವಿದೆ.

ನಾಲ್ಕನೆಯದು ಉತ್ತರವೇ ಇಲ್ಲದ ದಿನ. ಚಂದ್ರನು ದಿನದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಮೂಡುತ್ತಾನೆ. ಸೋಮವಾರ ರಾತ್ರಿ 11 ಗಂಟೆ 40 ನಿಮಿಷಕ್ಕೆ ಮೂಡಿದವನು ಮತ್ತೆ ಮೂಡುವಷ್ಟರಲ್ಲಿ ನಡುರಾತ್ರಿ ಕಳೆದು ಬುಧವಾರ ಬಂದಿರುತ್ತದೆ. ಮಂಗಳವಾರ ಚಂದ್ರೋದಯವೇ ಇಲ್ಲ! ಅಂತಹ ದಿನ ಸಾಧನವು 'ಇಲ್ಲ' ಎನ್ನಬೇಕೇ ಹೊರತು ಸೊನ್ನೆಯನ್ನು ಕೊಡಬಾರದು. ಗಡಿಯಾರದಲ್ಲಿ ಸೊನ್ನೆಯೆಂದರೆ ನಡುರಾತ್ರಿ ಎಂದೇ ಅರ್ಥವಾಗುತ್ತದೆ.

ಇವು ಕೇವಲ ಸೂಕ್ಷ್ಮದ ಮಾತುಗಳೆಂದು ಭಾವಿಸಬಾರದು. ನಮ್ಮ ಜಿಲ್ಲೆಯ ಹೊಸಕೋಟೆಯಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕೇಂದ್ರವಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಪ್ರಭಾವಲಯವನ್ನು ನೋಡುವ ಉಪಕರಣವು ಸಿದ್ಧವಾದದ್ದು ಇಲ್ಲಿಯೇ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹದ ಮೂಲಕ ಇಲ್ಲಿಂದಲೇ ನಡೆಸುತ್ತಾರೆ. ಕೆಲಸ ಮಾಡುವವರು ಹೊಸಕೋಟೆಯಲ್ಲಿದ್ದರೂ ಅವರಿಗೆ ಬೇಕಾದ ಕತ್ತಲೆ ಹಾನ್ಲೆಯದು. ಜೂನ್ ತಿಂಗಳ ಕೊನೆಯಲ್ಲಿ ಅಲ್ಲಿ ಸೂರ್ಯನು ಹೊಸಕೋಟೆಗಿಂತ ಅರ್ಧ ಗಂಟೆಗೂ ತಡವಾಗಿ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಅಷ್ಟೇ ಬೇಗ ಮುಳುಗುತ್ತಾನೆ. ಇಲ್ಲಿಯ ವೇಳೆಯನ್ನು ಅಲ್ಲಿಗೆ ಹಿಡಿದರೆ ಬೆಲೆಬಾಳುವ ರಾತ್ರಿಯೊಂದರ ಭಾಗ ವ್ಯರ್ಥವಾದೀತು.

ಅಜ್ಜಿಗೆ ಚೌತಿಯ ಚಂದ್ರನ ಪರಿಚಯ ಐವತ್ತು ವರ್ಷಗಳದ್ದು. ಆದುದರಿಂದ ಅವಳು ಮೋಸಹೋಗಲಿಲ್ಲ. ಯಂತ್ರಕ್ಕೆ ಆ ಅನುಭವವಿಲ್ಲ. ನಾವು ಬರೆದು ತಿಳಿಸಿದಷ್ಟನ್ನೇ ಅದು ನೆಚ್ಚಬಹುದು. ಬರೆಯುವವನು ತನಗೆ ಗೊತ್ತಿರುವುದೆಲ್ಲ ಓದುವವನಿಗೂ ಗೊತ್ತೆಂದು ಬಗೆದು ಒಂದು ಮಾತನ್ನು ಬಿಟ್ಟರೂ ಸಾಕು, ಎಲ್ಲಿಯೋ ಒಂದು ಮನೆಯಲ್ಲಿ ಚಂದ್ರನು ಹಗಲಿನಲ್ಲಿ ಮೂಡುತ್ತಾನೆ. ಓದುವವರೂ ಅಂಕಿಯನ್ನು ಕಂಡೊಡನೆ ಒಪ್ಪದೆ, ಇದು ಎಲ್ಲಿಯದು, ಯಾವ ಗಡಿಯಾರದ್ದು, ಯಾವ ಅರ್ಥದ್ದು ಎಂದು ಕೇಳಬೇಕು.

ಅಂದು ರಾತ್ರಿ ಮೊಮ್ಮಗಳು ಮಹಡಿಯ ಮೇಲೆ ನಿಂತು ಕಾದಳು. 9 ಗಂಟೆ 10 ನಿಮಿಷವಾದರೂ ಚಂದ್ರನಿಲ್ಲ. ಕೆಲವು ನಿಮಿಷಗಳು ಕಳೆದ ಮೇಲೆ ಪೂರ್ವದ ಮನೆಗಳ ಸಾಲಿನ ಮೇಲೆ ಕೆಂಪು ಅಂಚು ಕಾಣಿಸಿತು. "ತಾತ, ಲೆಕ್ಕದ ದಿಗಂತ ಬೇರೆ, ನಮ್ಮ ಬೀದಿಯ ದಿಗಂತ ಬೇರೆ ಅಲ್ಲವೇ?" ಎಂದಳು. ಅವಳು ಪಾಠವನ್ನು ಕಲಿತಿದ್ದಳು. ಅಜ್ಜಿ ಅರ್ಘ್ಯ ಕೊಟ್ಟು ಊಟಕ್ಕೆ ಎದ್ದಳು.

ಅಭ್ಯಾಸ

1. ಮೊಮ್ಮಗಳಿಗೆ ದೊರೆತ ವೇಳೆಗೂ ಪಂಚಾಂಗದ ವೇಳೆಗೂ ಐದೂವರೆ ಗಂಟೆಯ ಅಂತರವಿದ್ದುದೇಕೆ?
2. ಚಂದ್ರೋದಯವಿಲ್ಲದ ದಿನ ಬರುವುದು ಹೇಗೆ? ಅಂದು ಸೊನ್ನೆಯನ್ನು ಏಕೆ ಬರೆಯಬಾರದು?
3. ಹೊಸಕೋಟೆಯಲ್ಲಿ ಕುಳಿತವರಿಗೆ ಹಾನ್ಲೆಯ ಸೂರ್ಯಾಸ್ತವು ಏಕೆ ಮುಖ್ಯ?
4. ನಿಮ್ಮ ಮನೆಯಿಂದ ಒಂದು ವಾರ ಸೂರ್ಯಾಸ್ತವನ್ನು ನೋಡಿ ವೇಳೆಯನ್ನು ಗುರುತಿಸಿರಿ. ಅದನ್ನು ಓದುವ ಅಪರಿಚಿತನಿಗೆ ಬೇಕಾಗುವ ವಿವರಣೆಯನ್ನು ಐದು ವಾಕ್ಯಗಳಲ್ಲಿ ಬರೆಯಿರಿ.